ಸರದಾರರ ನಾಟಕದ ವರ್ಷ

ಕಲಘಟಗಿ ಕಡೆ ಭತ್ತ, ಕಬ್ಬು ಹೆಚ್ಚು. ಹಸಿ ಹೆಸರುಕಾಯಿ ಕಣ್ಣಿಗೆ ಬೀಳುವುದು ಕಡಿಮೆ. ಹೋದ ಶ್ರಾವಣದಲ್ಲಿ ನಮ್ಮ ಶಾಲೆಯ ಸಿಪಾಯಿ ಕುಂದಗೋಳದ ಬೀಗರ ಮನೆಯಿಂದ ಬರುವಾಗ ಒಂದು ಚೀಲ ಕಾಯಿ ತಂದು ಸ್ಟಾಫ್ ರೂಮಿನ ಮೇಜಿನ ಮೇಲೆ ಸುರುವಿದ. ಎಲ್ಲರೂ ಸುಲಿದು ಬಾಯಿಗೆ ಹಾಕಿಕೊಳ್ಳತೊಡಗಿದರು. ನಾನೂ ಒಂದನ್ನು ಒಡೆದೆ. ಆ ಎಳೆಗಾಳಿನ ವಾಸನೆ ಮೂಗಿಗೆ ಬಡಿದದ್ದೇ ಕೈ ನಿಂತುಹೋಯಿತು.

"ಯಾಕ್ರಿ ಟೀಚರ್, ಸೇರೂದಿಲ್ಲೇನು?" ಎಂದು ಸಿಪಾಯಿ ಕೇಳಿದ.

"ಸೇರ್ತಾವಪಾ," ಎಂದೆ. ಎದ್ದು ಕ್ಲಾಸಿಗೆ ಹೋದೆ. ಅವತ್ತು ಮಕ್ಕಳಿಗೆ ಏನು ಪಾಠ ಮಾಡಿದೆನೋ ನನಗೇ ನೆನಪಿಲ್ಲ. ಬಿ.ಎಡ್. ಮುಗಿಸಿ, ಸರಕಾರಿ ನೌಕರಿ ಇನ್ನೂ ಸಿಗದೆ, ನಮ್ಮೂರ ಹೈಸ್ಕೂಲಿನಲ್ಲೇ ಅತಿಥಿ ಶಿಕ್ಷಕಿಯಾಗಿದ್ದ ಆ ಒಂದು ಮಳೆಗಾಲ ಇಡೀ ದಿನ ತಲೆಯಲ್ಲಿ ಸುತ್ತುತ್ತಿತ್ತು.

ನಮ್ಮೂರು ಅದೇ ಕುಂದಗೋಳದ ಕಡೆ, ಕುಬಿಹಾಳ ದಾಟಿ ಇನ್ನಷ್ಟು ಒಳಗೆ. ಸುತ್ತಲೂ ಎರೆ ಹೊಲ. ಮಳೆಗಾಲದಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿಗೆ ಮಣ್ಣು ಮೆತ್ತಿ ಕಾಲು ಎತ್ತಲಾಗುವುದಿಲ್ಲ. ಊರ ನಡುವೆ ಸರದಾರರ ವಾಡೆ, ಊರ ಕೊನೆಗೆ ನಮ್ಮ ಕೇರಿ. ಇಂಗ್ಲಿಷರ ಕಾಲದಲ್ಲಿ ಸುತ್ತಲಿನ ಹಳ್ಳಿಗಳ ಜಹಗೀರು ಆ ವಾಡೆಯದಾಗಿತ್ತು. ಕಂದಾಯ ಎತ್ತುವುದು, ನ್ಯಾಯ ಹೇಳುವುದು, ದಂಡ ಹಾಕುವುದು ಎಲ್ಲ ಅವರದೇ. ಚಳವಳಿ ಶುರುವಾದಾಗ ಗಾದಿಯ ಮೇಲಿದ್ದ ಸರದಾರರಿಗೆ ಇಂಗ್ಲಿಷ್ ಸರಕಾರ ಬಿರುದು ಕೊಟ್ಟಿತ್ತು. ಕಲೆಕ್ಟರ ಸಾಹೇಬ ಚಿಗರಿ ಬೇಟೆಗೆ ಬಂದರೆ ಇಳಿಯುತ್ತಿದ್ದದ್ದು ಅವರಲ್ಲೇ.

ಆದರೂ ಊರಲ್ಲಿ ಅವರ ಹೆಸರು ಉಳಿದದ್ದು ಬೇರೆ ಕಾರಣಕ್ಕೆ. ಚಳವಳಿ ನಮ್ಮ ಸೀಮೆಗೆ ಮುಟ್ಟಿದ ವರ್ಷ ಊರಿನ ನಾಲ್ವರು ಹುಡುಗರು ಚಾವಡಿಯ ಮೇಲೆ ಬಾವುಟ ಏರಿಸಿ, ಒಳಗಿನ ದಫ್ತರಕ್ಕೆ ಬೆಂಕಿ ಹಚ್ಚಿದರಂತೆ. ಪೊಲೀಸರು ಹೊಲ ಹೊಲ ಹುಡುಕುತ್ತಿದ್ದಾಗ ಸರದಾರರು ಅವರನ್ನು ತಮ್ಮ ವಾಡೆಯಲ್ಲೇ ಅಡಗಿಸಿಟ್ಟರಂತೆ. ಇಂಗ್ಲಿಷರ ಆಳ್ವಿಕೆ ನಡೆಸುವ ಮನುಷ್ಯ ಇಂಗ್ಲಿಷರ ಕಣ್ಣು ತಪ್ಪಿಸಿ ದೇಶದ ಮಕ್ಕಳನ್ನು ಕಾಯ್ದ ಎಂದು ಶಾಲೆಯಲ್ಲಿ ನಮಗೂ ಹೇಳಿಕೊಟ್ಟಿದ್ದರು. ಆದರೆ ಬೆಳಗಾಗುವುದರೊಳಗೆ ಪೊಲೀಸರು ವಾಡೆಗೇ ಬಂದು ಹುಡುಗರನ್ನು ಹಿಡಿದುಕೊಂಡು ಹೋದರು. ಯಾರೋ ಸುದ್ದಿ ಕೊಟ್ಟಿದ್ದರು.

ಆ 'ಯಾರೋ' ಎನ್ನುವ ಮಾತು ಬಂದಾಗ ಊರ ಹಿರಿಯರು ನಮ್ಮ ಕೇರಿಯ ಕಡೆ ನೋಡಿ ಸುಮ್ಮನಾಗುತ್ತಿದ್ದರು. ನನ್ನ ಅಜ್ಜನ ಅಣ್ಣ ದುರಗಪ್ಪ ಸರದಾರರ ಹೇಳಿಕೆಗಳನ್ನು ಊರಿಂದೂರಿಗೆ ಮುಟ್ಟಿಸುವ ವಾಲೀಕಾರನಾಗಿದ್ದ. ಹುಡುಗರನ್ನು ಹೊಲದಿಂದ ವಾಡೆಗೆ ಕರೆದುಕೊಂಡು ಹೋದವನು ಅವನೇ. ಹಾಗಾಗಿ ಸುದ್ದಿ ಕೊಟ್ಟವನೂ ಅವನೇ ಇರಬೇಕು ಎಂದು ಊರು ತೀರ್ಮಾನಿಸಿತ್ತು. ಬಾಯಿಬಿಟ್ಟು ಯಾರೂ ಅನ್ನುತ್ತಿರಲಿಲ್ಲ. ಆದರೆ ಶಾಲೆಯಲ್ಲಿ ಜಗಳವಾದಾಗ ಹುಡುಗರು ನನಗೆ 'ದುರಗ್ಯಾನ ಮನಿತನ' ಎನ್ನುತ್ತಿದ್ದರು. ಮನೆಗೆ ಬಂದು ಅಳುತ್ತ ಕೇಳಿದರೆ ಅಪ್ಪ ಮಾತಾಡುತ್ತಿರಲಿಲ್ಲ. ಆಯಿ, ಎಂದರೆ ಅಪ್ಪನ ತಾಯಿ, ಒಲೆಯ ಮುಂದೆ ಕೂತು ರೊಟ್ಟಿ ತಟ್ಟುವುದನ್ನು ನಿಲ್ಲಿಸುತ್ತಿರಲಿಲ್ಲ.

ಆ ವರ್ಷ ವಾಡೆಯ ಈಗಿನ ಯಜಮಾನರು, ಊರೆಲ್ಲ ಅಪ್ಪಾಸಾಹೇಬರು ಎಂದು ಕರೆಯುವವರು, ಆ ಸರದಾರರ, ಎಂದರೆ ತಮ್ಮ ಅಜ್ಜನ ಮೂರ್ತಿಯನ್ನು ಬಸ್ ನಿಲ್ಲುವ ಕೂಡುರಸ್ತೆಯಲ್ಲಿ ನಿಲ್ಲಿಸಲು ಹೊರಟಿದ್ದರು. ದೀಪಾವಳಿ ಆದಮೇಲೆ ಮಂತ್ರಿಗಳೊಬ್ಬರು ಬಂದು ಅನಾವರಣ ಮಾಡುವುದು, ಅವತ್ತೇ ಸರದಾರರ ಮೇಲೊಂದು ನಾಟಕ ಆಡುವುದು ಎಂದು ನಿಕ್ಕಿಯಾಯಿತು. ನಾಟಕ ಬರೆಯುವವರು ಕಲ್ಲಪ್ಪ ಸರ್.

ಕಲ್ಲಪ್ಪ ಸರ್ ಬಗ್ಗೆ ಹೇಗೆ ಹೇಳಲಿ? ನನಗೆ ಕನ್ನಡ ಕಲಿಸಿದವರು ಅವರು. ನಮ್ಮ ಕೇರಿಗೆ ಬಂದು, ನಮ್ಮ ಮನೆಯ ಚಾಪೆಯ ಮೇಲೆ ಕೂತು, ಅವ್ವ ಕೊಟ್ಟ ಚಹಾ ಕುಡಿದ ಮೊದಲ ಮಾಸ್ತರು ಅವರು. ಹತ್ತನೆಯ ಇಯತ್ತೆ ಮುಗಿದಾಗ ಅಪ್ಪ ನನ್ನನ್ನು ಶಾಲೆ ಬಿಡಿಸಿ ಮೆಣಸಿನಕಾಯಿ ಬಿಡಿಸಲು ಕಳಿಸಬೇಕೆಂದಿದ್ದ. ಸರ್ ನಮ್ಮ ಹೊಲಕ್ಕೇ ಬಂದು ಬದುವಿನ ಮೇಲೆ ಕೂತು, "ಈಕಿ ಮಾಸ್ತರಣಿ ಆಗೂಮಟ ನಾ ನಿನ್ನ ಬಿಡಾಂವಲ್ಲೋ ಭೀಮಪ್ಪ," ಎಂದಿದ್ದರು. ನಾನು ಮಾತಾಡುವ ರೀತಿ, ಹಲಗೆಯ ಮೇಲೆ ಬರೆಯುವ ಅಕ್ಷರ, ಪದ್ಯ ಓದುವಾಗ ಉಸಿರು ನಿಲ್ಲಿಸುವ ಜಾಗ ಕೂಡ ಅವರದ್ದೇ.

ಮಿರಗ, ಎಂದರೆ ಮೃಗಶಿರಾ ಮಳೆ ಚೆನ್ನಾಗಿ ಆಗಿತ್ತು. ಊರೆಲ್ಲ ಹೆಸರು ಬಿತ್ತಿದ್ದರು. ಒಂದು ದಿನ ಶಾಲೆ ಬಿಟ್ಟಮೇಲೆ ಸರ್ ನನ್ನನ್ನು ಕರೆದರು.

"ಸುಮಿತ್ರಾ, ಸರದಾರರ ಬಗ್ಗೆ ಎಲ್ಲಾರನ್ನೂ ಕೇಳೇನಿ. ಎಲ್ಲಾರೂ ಒಂದ ಮಾತು ಹೇಳ್ತಾರ. ಆ ಕಾಲದ್ದು ಕಣ್ಣಿಂದ ನೋಡಿದವರು ಈಗ ಊರಾಗ ಯಾರ ಅದಾರ ಹೇಳು. ನಿಮ್ಮ ಆಯಿ ಒಬ್ಬಾಕಿ."

"ಆಯಿ ಮಾತಾಡೂದಿಲ್ರಿ ಸರ್."

"ಯಾಕ ಮಾತಾಡೂದಿಲ್ಲ ಅಂತ ನನಗೂ ಗೊತ್ತೈತಿ. ಅದಕ್ಕ ಕೇಳಾಕ್ಹತ್ತೇನಿ. ನಿಮ್ಮ ಮನಿತನದ ಮ್ಯಾಲೆ ಒಂದು ಕಲೆ ಕುಂತೈತಿ. ಅದು ಹೋಗಬೇಕೋ ಬ್ಯಾಡೋ?"

ಆ ಪ್ರಶ್ನೆಯನ್ನು ಹುಟ್ಟಿದಾಗಿನಿಂದ ನನಗೆ ಯಾರೂ ಕೇಳಿರಲಿಲ್ಲ. ಆಯಿಗೆ ಆಗ ಎಂಬತ್ತೈದು ದಾಟಿತ್ತು. ಕಣ್ಣು ಮಂಜಾಗಿತ್ತು. ಎದುರಿಗೆ ನಿಂತವರನ್ನು ದನಿಯಿಂದಲೇ ಗುರುತಿಸುತ್ತಿದ್ದಳು. ಕಿವಿ ಮಾತ್ರ ಚುರುಕಾಗಿತ್ತು. ಸರ್ ಸಂಜೆ ಸಂಜೆ ಬರತೊಡಗಿದರು. ಮಳೆಯ ಬಗ್ಗೆ, ಬೆಳೆಯ ಬಗ್ಗೆ ಮಾತಾಡಿ ಎದ್ದು ಹೋಗುತ್ತಿದ್ದರು. ಆಯಿ ಹೂಂ ಎಂದಷ್ಟೇ ಅನ್ನುತ್ತಿದ್ದಳು. ನಾನು ರಾತ್ರಿ ಅವಳ ಕಾಲು ಒತ್ತುತ್ತ, "ಹೇಳ ಆಯಿ, ಸರ್ ನಮ್ಮವರ ಅದಾರ," ಎನ್ನುತ್ತಿದ್ದೆ.

ಶ್ರಾವಣದಲ್ಲಿ ಹೆಸರು ಕೊಯ್ಲಿಗೆ ಬಂತು. ಜಿಟಿಜಿಟಿ ಮಳೆ ಹಿಡಿದು, ಬಿಡಿಸಿದ ಕಾಯಿಯನ್ನು ಕಣಕ್ಕೆ ಹಾಕಲಾಗದೆ ಪಡಸಾಲೆಯಲ್ಲೇ ರಾಶಿ ಹಾಕಿದ್ದೆವು. ಮನೆಯೆಲ್ಲ ಅದೇ ವಾಸನೆ. ಆಯಿ ರಾಶಿಯ ಮುಂದೆ ಕೂತು ಕೈಯಿಂದ ತಡವಿ ತಡವಿ ಎಳೆಯ ಕಾಯಿ ಬೇರೆ ಮಾಡುತ್ತಿದ್ದಳು. ಸರ್ ಬಂದು ಅವಳ ಬಾಜು ಕೂತು ತಾವೂ ಕಾಯಿ ಆರಿಸತೊಡಗಿದರು. ಬಹಳ ಹೊತ್ತಿನ ಮೇಲೆ ಆಯಿ ತಾನಾಗಿಯೇ ಮಾತು ತೆಗೆದಳು.

"ಅವತ್ತೂ ಹಿಂಗ ಮಳಿ ಹಿಡದಿತ್ತರಿ ಮಾಸ್ತರ. ನಾ ಲಗ್ನಾಗಿ ಬಂದ ಹೊಸದು. ಇನ್ನ ಸಣ್ಣಾಕಿ. ವಾಡೇದ ಹಿತ್ತಲದಾಗ ಹೆಸರ ಆರಿಸಾಕ ಹೋಗಿದ್ದೆ. ಸರದಾರ ನಮ್ಮ ಭಾವಗ ಮುಂಜಾನೆನ ಹೇಳಿ ಕಳಿಸಿದ್ದ, 'ಹುಡುಗ್ರು ಹೊಲದಾಗ ಮಳ್ಯಾಗ ಯಾಕ ಸಾಯತಾರ, ನನ್ನ ವಾಡೇಕ ಕರ್ಕೊಂಡ ಬಾ, ನನ್ನ ಮಕ್ಕಳಂಗ ಕಾಯ್ತೇನಿ' ಅಂತ. ಭಾವ ಅಂವನ್ನ ದೇವರಂಗ ನಂಬಿದ್ದ. ಕರ್ಕೊಂಡ ಬಂದ. ಒಳಗ ಬಿಟ್ಟು ತಾನು ಬಾಗಲಾ ಕಾಯಾಕ ಕುಂತ."

ಸರ್ ಕೈ ನಿಂತಿತ್ತು. ಆಯಿಯ ಕೈ ನಿಂತಿರಲಿಲ್ಲ.

"ಸಂಜೀ ಮುಂದ ಮಳಿ ಜೋರಾತು. ನಾ ಹಿತ್ತಲದಾಗ ಚಕ್ಕಡಿ ಕೆಳಗ ಕುಂತೆ. ಸರದಾರ ತಾನ ಹೊರಗ ಬಂದ, ತಲಿ ಮ್ಯಾಲೆ ಕೊಡಿ ಸೈತ ಹಿಡೀದ. ಪೊಲೀಸರ ಕಡೆ ಹೊಂಟಿದ್ದ ಕುದರಿ ಸವಾರಗ ಅಂದ, 'ಹುಡುಗ್ರು ವಾಡೇದಾಗ ಅದಾರ. ಬೆಳಕ ಹರಿಯೂದ್ರಾಗ ಬರ್ರಿ ಅಂತ ಹೇಳು.' ದನಿ ನಡಗತಿತ್ತರಿ ಅಂವಂದು. ಅಂಜಿದ್ದ. ಕಲೆಕ್ಟರ್‌ಗ ಅಂಜಿದ್ದನೋ, ಇದ್ದದ್ದು ಹೋದೀತು ಅಂತ ಅಂಜಿದ್ದನೋ, ನನಗೇನ ಗೊತ್ತು. ನಾ ಓಡಿ ಮನಿಗೆ ಬಂದು ಅತ್ತಿಗೆ ಹೇಳಿದೆ. ಅತ್ತಿ ನನ್ನ ಬಾಯಿ ಒತ್ತಿ ಹಿಡದಳು. 'ನೀ ಏನೂ ಕೇಳಿಲ್ಲ. ನಾವು ಈ ಊರಾಗ ಬಾಳೇ ಮಾಡಬೇಕು' ಅಂದಳು. ತನ್ನ ಮಗಾ ಅಲ್ಲೇ ಬಾಗಲದಾಗ ಕುಂತಾನ ಅನ್ನೂದು ಆಕಿಗೂ ಗೊತ್ತಿತ್ತು."

ದುರಗಪ್ಪನನ್ನೂ ಹುಡುಗರ ಜೊತೆಗೇ ಹಿಡಿದರು; ಅದೂ ಕಣ್ಕಟ್ಟು ಎಂದಿತಂತೆ ಊರು. ಹುಡುಗರು ಜೇಲಿನಿಂದ ಬಂದಾಗ ಊರು ಹಾರ ಹಾಕಿ ಕರೆದುಕೊಂಡಿತು. ದುರಗಪ್ಪ ಕಾಲು ಮುರಿಸಿಕೊಂಡು, ಕುಂಟುತ್ತ, ಒಬ್ಬನೇ ಬಂದ. ಮನೆಗೆ ಬರುವ ಮೊದಲು ವಾಡೆಯ ಬಾಗಿಲಿಗೆ ಹೋಗಿ ನಿಂತನಂತೆ. ಸರದಾರರು ಹೊರಗೆ ಬರಲಿಲ್ಲ. ಆಳಿನ ಕೈಯಲ್ಲಿ ಹೊಸ ಧೋತರವೊಂದನ್ನು ಕಳಿಸಿದರು. ಅವನು ಅದನ್ನು ಕಟ್ಟೆಯ ಮೇಲೆ ಇಟ್ಟು ಬಂದ. ಮುಂದೆ ಸ್ವಾತಂತ್ರ್ಯ ಬಂದಾಗ ಸರದಾರರು ಖಾದಿ ತೊಟ್ಟು ಬಾವುಟ ಏರಿಸಿ, 'ನಾನು ಕಾಯ್ದೆ, ಯಾರೋ ಹೇಳಿಬಿಟ್ಟರು' ಎಂದು ಭಾಷಣ ಮಾಡಿದರು. ಅದನ್ನು ಕೇಳಲು ದುರಗಪ್ಪ ಬದುಕಿರಲಿಲ್ಲ.

ಸರ್ ಕಣ್ಣು ಒರೆಸಿಕೊಂಡರು. ಎದ್ದು ಆಯಿಯ ಕಾಲು ಮುಟ್ಟಿದರು. ಆಯಿ ಗಾಬರಿಯಾಗಿ ಕಾಲು ಎಳೆದುಕೊಂಡಳು.

"ಆಯಿ, ಈ ಮಾತು ನಾಟಕದಾಗ ಬರತೈತಿ. ಇದ್ದದ್ದು ಇದ್ದಂಗ ಬರತೈತಿ. ಇದು ನನ್ನ ಮಾತು."

"ವಾಡೇದವರು ಬಿಡತಾರೇನರಿ?" ಎಂದು ಅಪ್ಪ ಮೂಲೆಯಿಂದ ಕೇಳಿದ.

"ಬರಿಯಾಂವ ನಾನೋ ಅವರೋ?" ಎಂದರು ಸರ್.

ಅದಾದ ಮೇಲೆ ಆಯಿ ಬದಲಾದಳು. ಊಟ ರುಚಿಸಿ ಉಣ್ಣತೊಡಗಿದಳು. ಕೇರಿಯ ಹೆಂಗಸರು ಬಂದರೆ ನಗುತ್ತಿದ್ದಳು. "ನಾಟಕ ಯಾವಾಗ ಸುಮಿ?" ಎಂದು ದಿನಾ ಕೇಳುತ್ತಿದ್ದಳು. ಹೆಸರು ಮುಗಿದು ಹೊಲಕ್ಕೆ ಜೋಳ, ಕಡಲೆ ಬಿದ್ದವು. ಶಾಲೆಯ ಹಾಲಿನಲ್ಲಿ ತಾಲೀಮು ಶುರುವಾಯಿತು. ಪೇಟಿ, ತಬಲಾದ ಸದ್ದು ನಮ್ಮ ಕೇರಿಯವರೆಗೂ ಕೇಳುತ್ತಿತ್ತು. ನನಗೆ ನೋಡುವ ಆಸೆ. ಆದರೆ ಸರ್, "ನೀ ತಾಲೀಮಿಗೆ ಬರಬ್ಯಾಡ. ಆ ದಿನಾನ ನೋಡು, ಆಯಿ ಬಾಜು ಕುಂತು ನೋಡು. ಮುಂದಿನ ಸಾಲಿನ್ಯಾಗ ಖುರ್ಚಿ ಹಾಕಸ್ತೇನಿ," ಎಂದರು. ನಮ್ಮ ಕೇರಿಯವರು ಊರ ನಾಟಕವನ್ನು ಮುಂದಿನ ಸಾಲಿನಲ್ಲಿ ಕೂತು ನೋಡಿದ್ದೇ ಇಲ್ಲ. ನಾನು ಹಿಗ್ಗಿದೆ.

ನಾಟಕದ ಹಿಂದಿನ ದಿನ ಸ್ಟ್ಯಾಂಡಿನ ಚಹಾ ಅಂಗಡಿಯ ಮಾರುತಿ ನನ್ನನ್ನು ನಿಲ್ಲಿಸಿದ. ನನ್ನ ಜೊತೆ ಓದಿದವನು, ಒಳ್ಳೆಯ ನಟ. ದುರಗಪ್ಪನ ಪಾತ್ರ ಅವನದು ಎಂದು ಗೊತ್ತಿತ್ತು.

"ಟೀಚರ್, ನಾಳೆ ಆಯಿನ ಕರ್ಕೊಂಡ ಬರಬ್ಯಾಡ್ರಿ."

"ಯಾಕೋ ಮಾರುತಿ?"

ಅವನು ತೊಳೆದ ಗ್ಲಾಸುಗಳನ್ನೇ ಮತ್ತೆ ತೊಳೆಯುತ್ತಿದ್ದ. "ಗದ್ದಲ ಭಾಳ ಇರತೈತ್ರಿ. ವಯಸ್ಸಾದವರು."

"ಆಕಿ ಬರಾಕಬೇಕೋ. ಆಕಿ ಸಲುವಾಗಿನ ನಾಟಕ," ಎಂದು ನಕ್ಕು ಬಂದೆ. ಅವನು ಮತ್ತೇನೋ ಹೇಳಲು ಬಾಯಿ ತೆರೆದದ್ದನ್ನು ನೋಡಿದೆ. ನೋಡಿಯೂ ನಿಲ್ಲಲಿಲ್ಲ.

ಮಂತ್ರಿಗಳು ಹಗಲಿರುತ್ತಲೇ ಹಿಂದಿರುಗಬೇಕಾಗಿದ್ದರಿಂದ ನಾಟಕ ಮಧ್ಯಾಹ್ನಕ್ಕೇ ಇತ್ತು. ಬಿಸಿಲಲ್ಲಿ ಮೂರ್ತಿ ಹೊಳೆಯುತ್ತಿತ್ತು. ಕುದುರೆ ಇಲ್ಲ, ಪಗಡಿ ಇತ್ತು, ಒಂದು ಕೈ ಮುಂದೆ ಚಾಚಿತ್ತು. ಆಯಿ ಅವ್ವನ ಮದುವೆಯ ಇಳಕಲ್ ಸೀರೆ ಉಟ್ಟಿದ್ದಳು. ಸರ್ ತಾವೇ ಬಂದು ಅವಳನ್ನು ಖುರ್ಚಿಯಲ್ಲಿ ಕೂರಿಸಿದರು. ನನ್ನ ಮುಖ ಮಾತ್ರ ನೋಡಲಿಲ್ಲ. ಗಡಿಬಿಡಿಯಲ್ಲಿದ್ದಾರೆ ಎಂದುಕೊಂಡೆ.

ನಾಟಕ ಚೆನ್ನಾಗಿಯೇ ಇತ್ತು. ಸರ್ ಬರೆದದ್ದೆಂದರೆ ಚೆನ್ನಾಗಿರದೆ ಇರುತ್ತದೆಯೇ? ಕಲೆಕ್ಟರನ ಮುಂದೆ ಸರದಾರರು ತಲೆ ತಗ್ಗಿಸದೆ ನಿಲ್ಲುವ ದೃಶ್ಯಕ್ಕೆ ಜನ ಸಿಳ್ಳೆ ಹಾಕಿದರು. ಹುಡುಗರನ್ನು ವಾಡೆಯೊಳಗೆ ಕರೆದು ಸರದಾರರು ತಮ್ಮ ಕೈಯಾರೆ ಊಟ ಬಡಿಸುವಾಗ ನನ್ನ ಹಿಂದೆ ಯಾರೋ ಹೆಂಗಸರು ಅತ್ತರು. ಆಮೇಲೆ ಪರದೆ ಬದಲಾಯಿತು. ಹಿತ್ತಲು, ಒಂದು ಚಕ್ಕಡಿ, ಮಳೆಯ ಸದ್ದು. ನಾನು ಖುರ್ಚಿಯ ಅಂಚಿಗೆ ಸರಿದೆ. ಕುದುರೆ ಸವಾರ ಬಂದು ನಿಂತ. ಒಳಗಿನಿಂದ ಕಂಬಳಿ ಹೊದ್ದವನೊಬ್ಬ ಬಂದ. ಬಂದವನು ಮಾರುತಿ.

"ಹುಡುಗ್ರು ವಾಡೇದಾಗ ಅದಾರ. ಬೆಳಕ ಹರಿಯೂದ್ರಾಗ ಬರ್ರಿ ಅಂತ ಹೇಳು."

ಆಯಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಅವಳಿಗೆ ಕಾಣುತ್ತಿದ್ದದ್ದು ಬರೀ ಬೆಳಕು ಮತ್ತು ನೆರಳು.

"ಹೌದು. ಅಗದಿ ಹಿಂಗ ಅಂದ ಸುಮಿ. ದನಿ ಸೈತ ಹಿಂಗ ನಡಗತಿತ್ತು," ಎಂದಳು. ಅವಳ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಅಂದವನು ಸರದಾರನಲ್ಲ ಎಂದು ಹೇಳಲೋ ಬೇಡವೋ ಎಂದು ಯೋಚಿಸುವಷ್ಟು ಹೊತ್ತೂ ಸಿಗಲಿಲ್ಲ. ಹಿಂದಿನಿಂದ ಜನ ಕೂಗತೊಡಗಿದರು. "ಲೇ ದುರಗ್ಯಾ, ಉಂಡ ಮನಿಗೆ ಎರಡ ಬಗದೇನಲೇ." ಯಾರೋ ಚಪ್ಪಲಿ ಎಸೆದರು. ಅದು ರಂಗದ ಅಂಚಿಗೆ ಬಡಿದು ನಮ್ಮ ಮುಂದೆಯೇ ಬಿತ್ತು.

ಆಯಿ ನನ್ನ ಕೈ ಬಿಟ್ಟಳು. "ಯಾರಿಗೆ ಬೈಯಾಕ್ಹತ್ಯಾರ?"

ನಾನು ಮುಂದೆ ಬಿದ್ದ ಚಪ್ಪಲಿಯನ್ನು ಕಾಲಿನಿಂದ ಆಚೆ ಸರಿಸಿದೆ.

"ಸುಮಿ, ಈಗ ಆ ಮಾತು ಅಂದಾಂವ ಯಾರು?"

"ದುರಗಪ್ಪಜ್ಜ, ಆಯಿ."

ಅವಳು ಸೆರಗು ಸರಿಮಾಡಿಕೊಂಡು ಎದ್ದಳು. "ನಡಿ, ಹೋಗೂಣು." ಮಂತ್ರಿಗಳ ಮುಂದಿನಿಂದಲೇ ನಾವಿಬ್ಬರೂ ನಡೆದು ಹೋದೆವು. ಪಕ್ಕದ ಪರದೆಯ ಸಂದಿಯಲ್ಲಿ ಸರ್ ನಿಂತಿದ್ದರು. ಈ ಸಲವೂ ಅವರು ನನ್ನ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಸರ್ ಮನೆಗೆ ಬಂದರು. ಚಾಪೆ ಹಾಕಿದೆ. ಅಭ್ಯಾಸಬಲದಿಂದ ಅವ್ವ ಚಹಾಕ್ಕಿಟ್ಟಳು. ಅಪ್ಪ ಎದ್ದು ಹೊಲಕ್ಕೆ ಹೋದ.

"ಮೂರ್ತಿ ಕಮಿಟಿಯವರು ಒಪ್ಪಲಿಲ್ಲವಾ," ಎಂದರು ಸರ್ ನನ್ನ ಕಡೆ ತಿರುಗಿ. "ಮೂರ್ತಿ ನಿಲ್ಲಿಸೂ ದಿನ ಮೂರ್ತಿನ ಕೆಡವತೀರೇನು ಅಂತ ಅಪ್ಪಾಸಾಹೇಬರು ಕೇಳಿದ್ರು. ನಾ ಭಾಳ ಹೇಳಿ ನೋಡಿದೆ. ನಾಟಕಾನ ಬ್ಯಾಡ ಅನ್ನೋಮಟ ಬಂತು. ಹುಡುಗ್ರು ಎರಡು ತಿಂಗಳ ತಾಲೀಮು ಮಾಡಿದ್ರು."

"ಹಂಗಾರ ಆ ದೃಶ್ಯ ಬಿಟ್ಟಬಿಡಬೇಕಿತ್ರಿ ಸರ್."

"ಹೆಂಗ ಬಿಡಲಿ? ಪೊಲೀಸರು ಬಂದರಂದ್ರ ಯಾರರ ಹೇಳಿರಬೇಕಲ್ಲ. ನಾಟಕ ನಿಲ್ಲೂದಿಲ್ಲ ಅದು ಇಲ್ಲದಿದ್ರ." ಚಾಪೆಯ ಅಂಚನ್ನು ಸರಿಮಾಡುತ್ತ, "ನಾಟಕ ಅಂದ್ರ ನಾಟಕ ಸುಮಿತ್ರಾ. ಜನಾ ನಾಕ ದಿನಕ್ಕ ಮರೀತಾರ," ಎಂದರು.

ಒಳಗೆ ಕೂತಿದ್ದ ಆಯಿ ಅಲ್ಲಿಂದಲೇ ಮಾತಾಡಿದಳು. ದನಿ ಏರಿಸಲಿಲ್ಲ.

"ಮಾಸ್ತರ, ಇಷ್ಟ ವರ್ಷ ಊರವರು ಅಂದ್ರು. ಅವರಿಗೆ ಗೊತ್ತಿದ್ದಿಲ್ಲ, ಅಂದ್ರು. ನಿಮಗ ಗೊತ್ತಿತ್ತು."

ಅವ್ವ ಚಹಾ ತಂದಿಟ್ಟಳು. ಆರಿ ಕೆನೆಗಟ್ಟುವವರೆಗೂ ಸರ್ ಕೂತಿದ್ದರು, ಕುಡಿಯಲಿಲ್ಲ. ಎದ್ದು ಹೋಗುವಾಗ ನಾನು ಬಾಗಿಲವರೆಗೆ ಹೋದೆ. ಏನಾದರೂ ಒಂದು ಮಾತು, 'ತಪ್ಪಾಯಿತು' ಎನ್ನುವ ಒಂದೇ ಮಾತು ಅವರ ಬಾಯಿಂದ ಬರಲಿ ಎಂದು ಕಾದೆ. "ಮಳಿ ಬರೂಹಂಗ ಐತಿ," ಎಂದು ಅವರು ಚಪ್ಪಲಿ ಮೆಟ್ಟಿದರು.

ಅವತ್ತಿನಿಂದ ಶಾಲೆಯಲ್ಲಿ ನಾನು ಅವರ ಎದುರು ಬರದಂತೆ ಓಡಾಡಿದೆ. ಸಿಟ್ಟಿಗಿಂತ ಬೇರೆ ಒಂದು ಸಂಕಟ ನನ್ನನ್ನು ತಿನ್ನುತ್ತಿತ್ತು. ಆಯಿಯ ಬಾಯಿಂದ ಆ ಮಾತು ಹೊರಬರಲಿ ಎಂದು ರಾತ್ರಿಗಟ್ಟಲೆ ಅವಳ ಕಾಲು ಒತ್ತಿದ್ದು ನಾನು. ಸರ್ ನನ್ನನ್ನು ಮೆಟ್ಟಿಲು ಮಾಡಿಕೊಂಡು ನಮ್ಮ ಮನೆಯೊಳಕ್ಕೆ ಬಂದು, ಅಲ್ಲಿದ್ದ ಒಂದೇ ಒಂದು ಸತ್ಯವನ್ನು ಎತ್ತಿಕೊಂಡು ಹೋಗಿ ನಮಗೇ ಹೊಡೆದಿದ್ದರು. ಕ್ಲಾಸಿನಲ್ಲಿ ಪದ್ಯ ಓದುವಾಗ ನನ್ನ ದನಿಯಲ್ಲಿ ಅವರ ದನಿ ಕೇಳಿಸಿ ಅರ್ಧಕ್ಕೇ ನಿಲ್ಲಿಸಿದ್ದೂ ಉಂಟು.

ಆಯಿ ಮಾತ್ರ ಸುಮ್ಮನೆ ಕೂರಲಿಲ್ಲ. ಹಿಟ್ಟಿನ ಗಿರಣಿಗೆ ಜೋಳ ಒಯ್ಯುವಾಗ ನನ್ನನ್ನೂ ಕರ್ಕೊಂಡು ಹೋಗು ಎಂದು ಅವ್ವನಿಗೆ ಗಂಟುಬಿದ್ದಳು. ಪಾಳಿಗೆ ಕೂತ ಹೆಂಗಸರ ನಡುವೆ ಕೂತು ಅವತ್ತಿನ ಮಳೆ, ಚಕ್ಕಡಿ, ಸರದಾರರ ನಡುಗುವ ದನಿ ಎಲ್ಲವನ್ನೂ ಹೇಳಿದಳು. ಕೆಲವರು ಎದ್ದು ಹೋದರು. ಕೆಲವರು ಕೂತು ಕೇಳಿದರು. ರೇಶನ್ ಅಂಗಡಿಯ ಮುಂದೆ ಹೇಳಿದಳು, ಹೊಸ ಮೂರ್ತಿಯ ಕಟ್ಟೆಯ ಮೇಲೆ ಕೂತು ಬಸ್ಸಿಗೆ ಕಾಯುವವರಿಗೆ ಹೇಳಿದಳು. ವಾಡೆಯಿಂದ ಒಬ್ಬ ಆಳು ಬಂದು, "ಮುದುಕಿ ಬಾಯಿ ಮುಚ್ಚಿಸ್ರಿ," ಎಂದು ಅಪ್ಪನಿಗೆ ಹೇಳಿ ಹೋದ. ಅಪ್ಪ ಅವತ್ತು ಮೊದಲ ಸಲ, "ನಮ್ಮವ್ವ ಆಕಿ. ನೀವ ಬಂದು ಮುಚ್ಚಸ್ರಿ," ಎಂದ. ಯಾರೂ ಬರಲಿಲ್ಲ. ಮಾರುತಿ ಒಂದು ಸಂಜೆ ಮನೆಗೆ ಬಂದು ಆಯಿಯ ಮುಂದೆ ಕೂತು ಅತ್ತ. ಆಯಿ ಅವನ ತಲೆ ತಡವಿ, "ನೀ ಚಂದ ಮಾಡಿದ್ಯೋ," ಎಂದಳು. ವ್ಯಂಗ್ಯವಲ್ಲ, ನಿಜವಾಗಿಯೇ ಅಂದಳು.

ಮುಂದಿನ ವರ್ಷ ನನಗೆ ಸರಕಾರಿ ನೌಕರಿ ಸಿಕ್ಕು ಕಲಘಟಗಿಗೆ ಬಂದೆ. ಆಯಿ ಇನ್ನೂ ಕೆಲವು ವರ್ಷ ಬದುಕಿದಳು, ಕೊನೆಯವರೆಗೂ ಹೇಳುತ್ತಲೇ ಇದ್ದಳು. ಊರು ನಂಬಿತೇ ಎಂದರೆ, ಅರ್ಧ ನಂಬಿತು. ಆ ಅರ್ಧವನ್ನು ಅವಳು ಒಬ್ಬಳೇ, ಕಣ್ಣಿಲ್ಲದೆ, ಗಿರಣಿಯ ಸದ್ದಿನ ನಡುವೆ ಗಳಿಸಿದ್ದು.

ಎರಡು ವರ್ಷದ ಹಿಂದೆ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಲ್ಲಪ್ಪ ಸರ್ ಸಿಕ್ಕರು. ರಿಟೈರ್ ಆಗಿ ಬಹಳ ದಿನವಾಗಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಆರಾಮ ಇದ್ದೀಯೇನವಾ?" ಎಂದರು. ನನ್ನ ಕೈ ತಾನಾಗಿಯೇ ಅವರ ಕಾಲಿನ ಕಡೆ ಹೊರಟಿತು, ಅರ್ಧಕ್ಕೆ ನಿಂತಿತು. ಅವರು ಅದನ್ನು ನೋಡಿದರು.

"ಆಯಿ ಹೆಂಗದಾರ?"

"ಹೋದ್ಳ್ರಿ."

"ನನಗ ಹೇಳಿ ಕಳಸಬೇಕಿತ್ತು."

"ಏನಂತ ಹೇಳಿ ಕಳಸಬೇಕಿತ್ರಿ ಸರ್?"

ಅವರು ಚೀಲದಲ್ಲಿ ಕೈಯಾಡಿಸಿ ಪುಸ್ತಕವೊಂದನ್ನು ತೆಗೆದರು. ಅದೇ ನಾಟಕ, ಅಚ್ಚಾಗಿತ್ತು. "ಆಯಿ ಅಂದ ಮಾತು ನನ್ನ ಮನಸಿನ್ಯಾಗ ಕುಂತಬಿಟ್ಟಿತ್ತು. ಅದಕ್ಕ ಪುಸ್ತಕ ಮಾಡೂ ಮುಂದ ತಿದ್ದೇನಿ. ದುರಗಪ್ಪನ ಪಾತ್ರಾನ ತಗದ ಹಾಕೇನಿ ನೋಡು. ಪೂರ್ತಿ. ಸುದ್ದಿ ಕೊಡಾಂವ ಈಗ 'ಯಾರೋ' ಅಷ್ಟ, ದುರಗಪ್ಪನ ಹೆಸರು ಎಲ್ಲೂ ಇಲ್ಲ."

ನನ್ನ ಮುಖದಲ್ಲಿ ಏನೋ ಅರಳುತ್ತದೆ ಎಂದು ಕಾಯುತ್ತಿದ್ದರು.

"ಹಂಗಾರ ಹುಡುಗ್ರನ್ನ ವಾಡೇಕ ಕರ್ಕೊಂಡ ಹೋಗಾಂವ ಯಾರ್ರಿ?"

"ತಾವ ಬರ್ತಾರ. ಬಾಗಲಾ ಬಡೀತಾರ, ಸರದಾರರು ತಗೀತಾರ."

ಕಲಘಟಗಿ ಬಸ್ ಬಂತು. ಪುಸ್ತಕ ಅವರ ಕೈಯಲ್ಲೇ ಇತ್ತು. ನಾನು ಹತ್ತಿ ಕಿಟಕಿಯ ಬಳಿ ಕೂತೆ. ಅವರು ಕೆಳಗೆ ಬಂದು ನಿಂತು ಗಾಜಿನ ಮೇಲೆ ಮೆಲ್ಲಗೆ ಬಡಿದರು. "ಈಗರ ಸಮಾಧಾನ ಆತಿಲ್ಲೋ?" ಎಂದು ಕೇಳುತ್ತಿದ್ದರು, ಗಾಜಿನಾಚೆಯಿಂದ ತುಟಿ ನೋಡಿಯೇ ತಿಳಿಯಿತು. ಹೈಸ್ಕೂಲಿನಲ್ಲಿ ಅವರ ತುಟಿ ನೋಡಿ ಪದ್ಯ ಓದಲು ಕಲಿತವಳು ನಾನು. ಕಂಡಕ್ಟರ್ ಸೀಟಿ ಊದುವವರೆಗೂ ಅವರು ಅದೇ ಮಾತು ಕೇಳುತ್ತಿದ್ದರು. ನಾನು ಗಾಜು ಸರಿಸಲಿಲ್ಲ.